ಆ ಆಕಾಶದ ಬಣ್ಣ ಕುಂಚದ್ದೋ, ಅಚ್ಚಿನದೋ?

ಪ್ರಶ್ನೆ: ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಚಿತ್ರಕಲೆ ಕಲಿಸಲು ಕೂಡಿಸಿದ ಸಂಗ್ರಹದಲ್ಲಿ ಕೈಯಿಂದ ಬಣ್ಣ ಹಾಕಿದ ನಿಸರ್ಗದೃಶ್ಯದ ಫೋಟೊ ಇದೆಯಂತೆ. ಫೋಟೊಗೆ ಬಣ್ಣ ಬಳಿಯುವ ಅಗತ್ಯವೇನಿತ್ತು? ಇಂಥದ್ದನ್ನು ಗುರುತಿಸುವುದು ಹೇಗೆ?

ಉತ್ತರ: ರಸ್ಕಿನ್ 1869ರಲ್ಲಿ ಆಕ್ಸ್‌ಫರ್ಡ್‌ನ ಸ್ಲೇಡ್ ಕಲಾ ಪ್ರಾಧ್ಯಾಪಕರಾಗಿ ಆಯ್ಕೆಯಾದರು, 1871ರಲ್ಲಿ ಚಿತ್ರಶಾಲೆ ತೆರೆದರು. ಈಗ ಆಶ್ಮೋಲಿಯನ್ ಮ್ಯೂಸಿಯಂನಲ್ಲಿರುವ ಆ ಸಂಗ್ರಹದಲ್ಲಿ ನಿಸರ್ಗಚಿತ್ರಕಾರ ಟರ್ನರ್ ಚಿತ್ರಗಳು, ರಸ್ಕಿನ್ನರದೇ ರೇಖಾಚಿತ್ರಗಳು, ಫೋಟೊಗಳು ಎಲ್ಲವೂ ಇವೆ. ವಿದ್ಯಾರ್ಥಿ ನೋಡಿ ಬರೆಯಲೆಂದೇ ಕೂಡಿಸಿದವು ಅವು.

ಬಣ್ಣದ ಅಗತ್ಯಕ್ಕೆ ಕಾರಣ ಗಾಜಿನ ನೆಗೆಟಿವ್. ಆಗ ಬಳಕೆಯಲ್ಲಿದ್ದ ಕೊಲೋಡಿಯನ್ ಎಂಬ ಅಂಟುದ್ರವ ಬಳಿದ ಗಾಜಿನ ಫಲಕಕ್ಕೆ ನೀಲಿ, ನೇರಳೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಹಸಿರು ಅಷ್ಟಕ್ಕಷ್ಟೇ, ಕೆಂಪಂತೂ ಇಲ್ಲವೇ ಇಲ್ಲ. ಹೀಗಾಗಿ ಬಂಡೆಯ ಬಿರುಕು, ನೆರಳು ಎಲ್ಲ ಸೊಗಸಾಗಿ ಮೂಡಿದರೂ ಮರಗಳು ಕಪ್ಪು ಮುದ್ದೆಯಾಗುತ್ತಿದ್ದವು, ಆಕಾಶ ಬೆಳ್ಳಗೆ ಬೋಳಾಗಿ ಮೋಡ ಅದರಲ್ಲೇ ಕರಗಿಹೋಗುತ್ತಿತ್ತು. ಆದ್ದರಿಂದ ಕುಂಚದ ಕೆಲಸವನ್ನು ಮೊದಲು ಹುಡುಕಬೇಕಾದ್ದು ಆಕಾಶದಲ್ಲಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಬೆಟ್ಟದ ಅಂಚನ್ನು ನೋಡಿ. ಬಣ್ಣವೂ ಸಣ್ಣ ಸಣ್ಣ ಕಣಗಳಾಗಿ ಒಡೆದಿದ್ದರೆ ಅದು ಬಹುಶಃ ಫೋಟೋಕ್ರೋಮ್, ಅಂದರೆ ಕಲ್ಲಚ್ಚಿನ ಬಣ್ಣ. ಕೈಬಣ್ಣವಾದರೆ ಗೆರೆ ದಾಟಿ ಹರಿದಿರುತ್ತದೆ, ನೀರು ನಿಂತು ಒಣಗಿದ ಕಡೆ ಅಂಚು ಗಾಢವಾಗಿರುತ್ತದೆ. ಆಮೇಲೆ ಫೋಟೊವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೊಟ್ಟೆಯ ಬಿಳಿ ಬಳಿದ ಕಾಗದದ ಮೇಲೆ ಮುದ್ರಿಸಿದ ಆಲ್ಬುಮಿನ್ ಪ್ರತಿಗೆ ಆ ಬಿಳಿಯ ಹೊಳಪಿರುತ್ತದೆ. ಬಿಳಿ ಬೆರೆಸಿದ ದಪ್ಪ ಬಣ್ಣ ಕೂತಲ್ಲಿ ಮಾತ್ರ ಅದು ಮಂಕಾಗಿರುತ್ತದೆ. ಆ ಹೊಳಪಿನ ಮೇಲೆ ಜಲವರ್ಣ ಹನಿಹನಿಯಾಗಿ ಒಡೆಯುತ್ತದೆಂದು ಕಲಾವಿದರು ಎತ್ತಿನ ಪಿತ್ತರಸ ಬೆರೆಸುತ್ತಿದ್ದರು. ಬೆರೆಸದಿದ್ದಲ್ಲಿ ಚುಕ್ಕೆಚುಕ್ಕೆ ಗುರುತು ಉಳಿಯುತ್ತದೆ.

ದಯವಿಟ್ಟು ಒದ್ದೆ ಹತ್ತಿಯಿಂದ ಒರೆಸಿ ಪರೀಕ್ಷಿಸಬೇಡಿ, ಜಲವರ್ಣ ಹತ್ತಿಗೆ ಹತ್ತಿಕೊಂಡು ಬಂದುಬಿಡುತ್ತದೆ. ಪ್ರದರ್ಶನಕ್ಕಿಟ್ಟರೂ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಿರಲಿ.

ಇನ್ನೊಂದು ಮಾತು. ಈಗ ಕಾಣುವ ಬಣ್ಣವನ್ನೇ ಮೂಲವೆಂದು ನಂಬಿ ನಕಲು ಮಾಡಬೇಡಿ. ಕಾರ್ಮೈನ್‌ನಂಥ ಕೆಂಪು ಬೆಳಕಿಗೆ ಮಾಸುತ್ತದೆ. ಮೊಟ್ಟೆಯ ಪದರ ಕಾಲಕ್ರಮೇಣ ಹಳದಿಯಾಗುವುದರಿಂದ ಅದರ ಮೇಲಿನ ತೆಳು ನೀಲಿ ಹಸಿರಾಗಿ ಕಾಣುತ್ತದೆ. ಚೌಕಟ್ಟಿನ ರಟ್ಟು ಮುಚ್ಚಿದ್ದ ಅಂಚಿನಲ್ಲಿ ಬೆಳಕು ತಾಗದ ಬಣ್ಣ ಒಂದೆರಡು ಮಿಲಿಮೀಟರ್ ಉಳಿದಿದ್ದರೂ ಸಾಕು, ಮಾಸಿದ್ದೆಷ್ಟು ಎಂದು ಹೋಲಿಸಿ ನೋಡಬಹುದು.