ಕಣ್ಣಿಗೆ ಕಾಣುವ ಟ್ಯಾಗ್ ಎಕ್ಸ್‌ಪಾತ್‌ಗೆ ಕಾಣದು

ಪ್ರಶ್ನೆ: ದತ್ತಾಂಶ ಬರೆದಿಡಲು ಜೇಸನ್ ಇರುವಾಗ, ಟ್ಯಾಗ್‌ಗಳಿಂದ ಗುರುತು ಹಾಕುವ ಎಕ್ಸ್‌ಎಂಎಲ್ ಕಲಿಯಬೇಕೆ? ಕಲಿಯುವುದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಹೊಸ ವೆಬ್ ಎಪಿಐ (ಪ್ರೋಗ್ರಾಮ್‌ಗಳು ಪರಸ್ಪರ ಮಾಹಿತಿ ಕೇಳುವ ದಾರಿ) ಬರೆಯುವುದಕ್ಕಷ್ಟೇ ಆದರೆ ಬೇಡ, ಜೇಸನ್ ಸಾಕು. ಆದರೆ ಎಸ್‌ವಿಜಿ ಚಿತ್ರ, ಆರ್‌ಎಸ್‌ಎಸ್ ಫೀಡ್, ಸೈಟ್‌ಮ್ಯಾಪ್, ಆಂಡ್ರಾಯ್ಡ್ ಮ್ಯಾನಿಫೆಸ್ಟ್ ಎಲ್ಲವೂ ಎಕ್ಸ್‌ಎಂಎಲ್ಲೇ. ವರ್ಡ್‌ನ ಡಾಕ್ಸ್ ಫೈಲಿನ ನಕಲೊಂದನ್ನು ಜಿಪ್‌ನಂತೆ ಬಿಚ್ಚಿ ನೋಡಿ, ಒಳಗೆ ಸಿಗುವುದೂ ಅದೇ. ಬರಹದ ನಡುವೆ ಗುರುತು ಹಾಕುವ ಕೆಲಸದಲ್ಲಂತೂ ಜೇಸನ್ ಒದ್ದಾಡುತ್ತದೆ:

<ಸಾಲು>ಈ ಪದ <ಒತ್ತು>ಮುಖ್ಯ</ಒತ್ತು>, ಬಿಡಬೇಡಿ</ಸಾಲು>

ಮೊದಲು 1998ರ ಎಕ್ಸ್‌ಎಂಎಲ್ 1.0ರ ಬರವಣಿಗೆಯ ನಿಯಮಗಳು, ಆಮೇಲೆ ನೇಮ್‌ಸ್ಪೇಸ್ (ಒಂದೇ ಹೆಸರಿನ ಟ್ಯಾಗ್‌ಗಳನ್ನು ಬೇರ್ಪಡಿಸುವ ಗುಂಪು), ಆಮೇಲೆ ಎಕ್ಸ್‌ಪಾತ್ (ಫೈಲಿನಿಂದ ಬೇಕಾದ ಟ್ಯಾಗ್ ಹುಡುಕುವ ಭಾಷೆ). ಸ್ಕೀಮಾ (ಫೈಲಿನ ರಚನೆಯ ನಿಯಮಪಟ್ಟಿ), ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಎರಡನ್ನೂ ಕೆಲಸ ಕೇಳಿದಾಗ ಕಲಿತರಾಯಿತು. ರಚನೆಯ ನಿಯಮ ಬರೆಯುವ ಹಳೆಯ ವಿಧಾನವಾದ ಡಿಟಿಡಿ ಓದಲು ಬಂದರೆ ಸಾಕು. ಬ್ರೌಸರಿನೊಳಗಿನ ಎಕ್ಸ್‌ಎಸ್‌ಎಲ್‌ಟಿ 1999ರ 1.0 ಆವೃತ್ತಿಯಲ್ಲೇ ನಿಂತಿದೆ, ಕ್ರೋಮ್ ಅದನ್ನೂ ಕೈಬಿಡುವುದಾಗಿ ಹೇಳಿದೆ. ಹಾಗಾಗಿ ರೂಪಾಂತರದ ಕೆಲಸವನ್ನು ಸರ್ವರ್‌ನಲ್ಲೇ ಮುಗಿಸಿ.

ಪ್ರಶ್ನೆ: ಎಡಿಟರ್‌ನಲ್ಲಿ ಫೈಲ್ ಸರಿಯಾಗಿಯೇ ಕಾಣುತ್ತದೆ, ಪಾರ್ಸರ್ (ಎಕ್ಸ್‌ಎಂಎಲ್ ಓದುವ ಪ್ರೋಗ್ರಾಮ್) ಮಾತ್ರ ಒಪ್ಪುವುದಿಲ್ಲ. ಎಲ್ಲಿ ಹುಡುಕಲಿ?

ಉತ್ತರ: ಮೊದಲ ದೋಷವನ್ನಷ್ಟೇ ಓದಿ. ಅದರ ಕೆಳಗಿನವು ಬಹುಪಾಲು ಅದರ ಬಾಲಗಳು. ಒಂದನೇ ಅಥವಾ ಎರಡನೇ ಸಾಲಿನಲ್ಲೇ ನಿಂತಿದ್ದರೆ, <? ಎಂದು ಶುರುವಾಗುವ ಘೋಷಣೆಯ ಮುಂಚೆ ಖಾಲಿ ಜಾಗವೋ ಖಾಲಿ ಸಾಲೋ ಇದೆಯೇ ನೋಡಿ. ಘೋಷಣೆ ಇದ್ದರೆ ಅದು ಫೈಲಿನ ತೀರಾ ಮೊದಲ ಅಕ್ಷರದಿಂದಲೇ ಶುರುವಾಗಬೇಕು. ಪಿಎಚ್‌ಪಿಯಿಂದ ಹೊರಬರುವ ಫೀಡ್‌ಗಳಲ್ಲಿ, ಇನ್‌ಕ್ಲೂಡ್ ಮಾಡಿದ ಯಾವುದೋ ಫೈಲಿನ ಕೊನೆಯ ಖಾಲಿ ಸಾಲು ಹೀಗೆ ಮುಂದೆ ಬಂದು ಕೂರುತ್ತದೆ.

ನಡುವೆ ನಿಂತಿದ್ದರೆ ಸಾಮಾನ್ಯ ಅಪರಾಧಿ ಬರೀ & ಚಿಹ್ನೆ, ಅದೂ ಲಿಂಕ್‌ಗಳ ಒಳಗೆ. ಅದನ್ನು &#38; ಎಂದೂ, ಬರಹದೊಳಗೆ ಬರುವ < ಅನ್ನು &#60; ಎಂದೂ ಬರೆಯಿರಿ. ಎಚ್‌ಟಿಎಂಎಲ್‌ನಿಂದ ನಕಲು ಮಾಡಿ ತಂದ ‘ಎನ್‌ಬಿಎಸ್‌ಪಿ’ (ಸಾಲು ಮುರಿಯದ ಖಾಲಿ ಜಾಗ) ಇಲ್ಲಿ ನಡೆಯುವುದಿಲ್ಲ. ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಎಂಟಿಟಿಗಳು (ಬೇರೆ ಬರಹಕ್ಕೆ ಬದಲಾಗುವ ಚುಟುಕು ಹೆಸರುಗಳು) ಐದೇ, ಅದು ಆ ಪಟ್ಟಿಯಲ್ಲಿಲ್ಲ. ಬದಲಿಗೆ &#160; ಹಾಕಿ.

ಪ್ರಶ್ನೆ: ಟ್ಯಾಗ್ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದೆ?

ಉತ್ತರ: ಧಾರಾಳವಾಗಿ. ಮೇಲಿನ ಉದಾಹರಣೆ ನಿಜವಾದ ಎಕ್ಸ್‌ಎಂಎಲ್, ಹಾಗೇ ಪಾರ್ಸ್ ಆಗುತ್ತದೆ. ತೊಡಕು ಒಂದೇ: ಹೆಸರುಗಳನ್ನು ಹೋಲಿಸುವುದು ಕೋಡ್‌ಪಾಯಿಂಟ್ (ಪ್ರತಿ ಚಿಹ್ನೆಯ ಯೂನಿಕೋಡ್ ಸಂಖ್ಯೆ) ಲೆಕ್ಕದಲ್ಲಿ, ಕಣ್ಣಿಗೆ ಕಾಣುವ ರೂಪದಲ್ಲಲ್ಲ. ‘ಕೋ’ ಒಂದು ಕಡೆ ಇಡಿಯಾದ ಓತ್ವದಿಂದ, ಇನ್ನೊಂದು ಕಡೆ ಬಿಡಿಬಿಡಿ ಚಿಹ್ನೆಗಳಿಂದ ಆಗಿದ್ದರೆ ಟ್ಯಾಗ್ ಹೊಂದುವುದಿಲ್ಲ. ಪದದ ಕೊನೆಯಲ್ಲಿ ಅಡಗಿ ಕೂತ ಶೂನ್ಯಅಗಲದ ಅಕ್ಷರವೂ ಇದೇ ಕಾಟ ಕೊಡುತ್ತದೆ.

ಪ್ರಶ್ನೆ: ಫೈಲಿನಲ್ಲಿ ‘ಪುಸ್ತಕ’ ಎಂಬ ಟ್ಯಾಗ್ ಇದೆ. //ಪುಸ್ತಕ ಎಂದರೆ ಎಕ್ಸ್‌ಪಾತ್ ಏನನ್ನೂ ಕೊಡುವುದಿಲ್ಲ, ದೋಷವನ್ನೂ ಹೇಳುವುದಿಲ್ಲ.

ಉತ್ತರ: ಮೂಲ ಟ್ಯಾಗ್‌ನಲ್ಲಿ ‘ಎಕ್ಸ್‌ಎಂಎಲ್‌ಎನ್‌ಎಸ್’ ಎಂಬ ಆಟ್ರಿಬ್ಯೂಟ್ ಇದೆಯೇ ನೋಡಿ. ಅದರೊಳಗಿನ ವಿಳಾಸವೇ ಡೀಫಾಲ್ಟ್ ನೇಮ್‌ಸ್ಪೇಸಿನ ಗುರುತು. ಇದ್ದರೆ ಒಳಗಿನ ಪೂರ್ವಪದವಿಲ್ಲದ (ಹೆಸರಿನ ಮುಂದೆ ‘ಪು:’ನಂಥದ್ದು ಇಲ್ಲದ) ಟ್ಯಾಗ್‌ಗಳೆಲ್ಲ ಆ ನೇಮ್‌ಸ್ಪೇಸ್‌ಗೆ ಸೇರಿಹೋಗುತ್ತವೆ. ಎಕ್ಸ್‌ಪಾತ್ 1.0ರಲ್ಲಿ ಪೂರ್ವಪದವಿಲ್ಲದ ಹೆಸರು ಎಂದರೆ ‘ಯಾವ ನೇಮ್‌ಸ್ಪೇಸ್‌ಗೂ ಸೇರದ ಪುಸ್ತಕ’ ಎಂದರ್ಥ. ಅಂಥದ್ದು ನಿಮ್ಮ ಫೈಲಿನಲ್ಲಿ ಒಂದೂ ಇಲ್ಲ. ಉತ್ತರ ಖಾಲಿ, ಆದರೆ ತಪ್ಪಲ್ಲ.

ಕೋಡಿನಲ್ಲಿ ‘ಪು’ ಎಂಬ ಪೂರ್ವಪದಕ್ಕೆ ಅದೇ ವಿಳಾಸವನ್ನು ಕಟ್ಟಿ, //ಪು:ಪುಸ್ತಕ/ಪು:ಬೆಲೆ ಎಂದು ಕೇಳಿ. ಪ್ರತಿ ಹೆಜ್ಜೆಗೂ ಪೂರ್ವಪದ ಬೇಕು, ಮೊದಲನೆಯದಕ್ಕೆ ಹಾಕಿ ಎರಡನೆಯದಕ್ಕೆ ಮರೆಯುವವರೇ ಹೆಚ್ಚು. ಫೈಲಿನಲ್ಲಿ ಪೂರ್ವಪದ ಬೇರೆ ಇದ್ದರೂ, ಇಲ್ಲದೇ ಇದ್ದರೂ ಚಿಂತೆಯಿಲ್ಲ, ಹೊಂದಬೇಕಾದ್ದು ವಿಳಾಸ ಮಾತ್ರ. ಅದು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕೊನೆಯಲ್ಲೊಂದು / ಹೆಚ್ಚಾದರೂ ಅದು ಬೇರೆಯೇ ನೇಮ್‌ಸ್ಪೇಸ್. ಆಟ್ರಿಬ್ಯೂಟ್‌ಗಳಿಗೆ ಮಾತ್ರ ಈ ಪೂರ್ವಪದ ಹಾಕಬೇಡಿ, ಡೀಫಾಲ್ಟ್ ನೇಮ್‌ಸ್ಪೇಸ್ ಅವುಗಳಿಗೆ ತಗಲುವುದಿಲ್ಲ: //ಪು:ಪುಸ್ತಕ/@ಸಂಖ್ಯೆ.

‘ಲೋಕಲ್-ನೇಮ್’ ಫಂಕ್ಷನ್ ಬಳಸಿ ನೇಮ್‌ಸ್ಪೇಸನ್ನೇ ಕಡೆಗಣಿಸುವ ಉಪಾಯ ಅಂತರ್ಜಾಲದಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಒಂದು ಸಲದ ತಪಾಸಣೆಗೆ ಸರಿ. ಕಾಯಂ ಕೋಡಿನಲ್ಲಿ ಬೇಡ, ಬೇರೆ ನೇಮ್‌ಸ್ಪೇಸಿನ ಅದೇ ಹೆಸರಿನ ಟ್ಯಾಗ್ ಬಂದ ದಿನ ಅದನ್ನೂ ಎತ್ತಿಕೊಳ್ಳುತ್ತದೆ.

ಪ್ರಶ್ನೆ: 2 ಜಿಬಿ ಫೈಲನ್ನು ಪೈಥಾನ್‌ನ ಇಟರ್‌ಪಾರ್ಸ್‌ನಿಂದ (ಫೈಲನ್ನು ತುಂಡುತುಂಡಾಗಿ ಓದುವ ಸೌಲಭ್ಯ) ಓದುತ್ತಿದ್ದೇನೆ. ಪ್ರತಿ ದಾಖಲೆ ಮುಗಿದ ಮೇಲೆ ‘ಕ್ಲಿಯರ್’ ಕರೆದರೂ ಮೆಮೊರಿ ಏರುತ್ತಲೇ ಇದೆ.

ಉತ್ತರ: ದಾಖಲೆಯ ಒಡಲು ಖಾಲಿಯಾಯಿತು, ಚಿಪ್ಪು ಉಳಿಯಿತು. ಮೂಲ ಎಲಿಮೆಂಟ್ (ಎಲ್ಲವನ್ನೂ ಒಳಗೊಂಡ ಹೊರಗಿನ ಟ್ಯಾಗ್) ಆ ಖಾಲಿ ಮಕ್ಕಳನ್ನೆಲ್ಲ ಹಿಡಿದುಕೊಂಡೇ ಇರುತ್ತದೆ. ‘ಸ್ಟಾರ್ಟ್’ ಘಟನೆಗಳನ್ನೂ ಕೇಳಿಕೊಂಡು, ಮೊದಲನೆಯದರಲ್ಲೇ ಮೂಲ ಎಲಿಮೆಂಟನ್ನು ಹಿಡಿದಿಟ್ಟುಕೊಳ್ಳಿ. ದಾಖಲೆಯ ‘ಎಂಡ್’ ಬಂದಾಗ ಕೆಲಸ ಮುಗಿಸಿ ಆ ಮೂಲದ ಮೇಲೆಯೇ ‘ಕ್ಲಿಯರ್’ ಕರೆಯಿರಿ.

ಫೈಲ್ ಹೊರಗಿನವರು ಕಳಿಸಿದ್ದಾದರೆ ಡಿಟಿಡಿಯನ್ನೇ ನಿರಾಕರಿಸುವಂತೆ ಪಾರ್ಸರ್ ಹೊಂದಿಸಿ. ಅದರಲ್ಲಿ ಘೋಷಿಸಿದ ಒಂದು ಎಂಟಿಟಿ ಇನ್ನೊಂದನ್ನು ಹತ್ತು ಸಲ ಕರೆಯುವಂತೆ ಒಂಬತ್ತು ಹಂತ ಕಟ್ಟಿದರೆ ಪುಟ್ಟ ಫೈಲ್ ಮೆಮೊರಿಯಲ್ಲಿ ನೂರು ಕೋಟಿ ಪ್ರತಿಗಳಾಗಿ ಬಿಚ್ಚಿಕೊಳ್ಳುತ್ತದೆ. ಹೊರಗಿನ ಫೈಲನ್ನು ತೋರಿಸುವ ಎಂಟಿಟಿಯಂತೂ ಸರ್ವರ್‌ನ ಫೈಲುಗಳನ್ನೇ ಓದಿ ಹೊರಗೆ ಹಾಕಬಲ್ಲದು.