ತಿದ್ದುಪಡಿಗೆ ಎಷ್ಟು ಹೊತ್ತು ಕಾಯಬಹುದು? ಜಾಲತಾಣಗಳ ಭದ್ರತೆ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕೆ ವರ್ಡ್‌ಪ್ರೆಸ್‌ನಲ್ಲಿ ಕಟ್ಟಿಸಿದ ಜಾಲತಾಣವಿದೆ. ಅಪ್‌ಡೇಟ್ ಮಾಡಿದರೆ ಪುಟಗಳ ವಿನ್ಯಾಸ ಕೆಡುತ್ತದೆಂದು, ಅದನ್ನು ಮಾಡಿಕೊಟ್ಟವರು ಸ್ವಯಂಚಾಲಿತ ಅಪ್‌ಡೇಟನ್ನೇ ನಿಲ್ಲಿಸಿದ್ದಾರೆ. ಅಡಿಕೆ ಧಾರಣೆ ಮತ್ತು ಸಭೆಯ ಸೂಚನೆ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಇಂಥ ಸಣ್ಣ ತಾಣದ ಮೇಲೆ ಯಾರಾದರೂ ಏಕೆ ದಾಳಿ ಮಾಡುತ್ತಾರೆ?
– ಸಂಘದ ಕಾರ್ಯದರ್ಶಿಯೊಬ್ಬರು, ಶಿರಸಿ

ಉತ್ತರ: ದಾಳಿಕೋರರು ನಿಮ್ಮ ಸಂಘವನ್ನೇ ಹುಡುಕಿಕೊಂಡು ಬರುವುದಿಲ್ಲ. ಅವರು ಓಡಿಸುವ ತಂತ್ರಾಂಶವು ಸಿಕ್ಕ ಸಿಕ್ಕ ವಿಳಾಸಗಳನ್ನೆಲ್ಲ ಪರೀಕ್ಷಿಸುತ್ತಾ, ಎಲ್ಲಿ ಹಳೆಯ ಆವೃತ್ತಿ ಉಳಿದಿದೆಯೆಂದು ನೋಡುತ್ತಾ ಹೋಗುತ್ತದೆ. ಅವರಿಗೆ ಬೇಕಾಗಿರುವುದು ನಿಮ್ಮ ಧಾರಣೆಯ ಪಟ್ಟಿಯಲ್ಲ. ನಿಮ್ಮ ಸರ್ವರ್‌ನಲ್ಲಿರುವ ಜಾಗ, ಅಲ್ಲಿಂದ ಸ್ಪ್ಯಾಮ್ ಕಳುಹಿಸುವ ಅವಕಾಶ ಮತ್ತು ನಿಮ್ಮ ವಿಳಾಸದ ಮೇಲೆ ಜನ ಇಟ್ಟಿರುವ ನಂಬಿಕೆ.

ಲೋಪ ಸರಿಪಡಿಸುವ ತಿದ್ದುಪಡಿಯನ್ನು ಹಾಕದೆ ಎಷ್ಟು ಕಾಲ ಕಾಯಬಹುದೆಂಬುದು ಇದಕ್ಕಿಂತ ಗಂಭೀರವಾದ ವಿಷಯ. ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ತಂತ್ರಾಂಶಗಳ ಮೂಲ ಕೋಡ್ ಯಾರು ಬೇಕಾದರೂ ಓದಬಹುದಾದದ್ದು. ಹೀಗಾಗಿ ಭದ್ರತಾ ತಿದ್ದುಪಡಿ ಹೊರಬಂದ ಕೂಡಲೇ ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಹೋಲಿಸಿ ನೋಡಿದವರಿಗೆ, ಲೋಪ ಯಾವ ಸಾಲಿನಲ್ಲಿತ್ತು ಎಂಬುದೂ ತಿಳಿದುಬಿಡುತ್ತದೆ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ವಿಷಯದಲ್ಲಿ ಆದದ್ದು ಇದೇ. ಡೇಟಾಬೇಸ್‌ಗೆ ಹೊರಗಿನವರ ಆಜ್ಞೆಗಳು ನುಸುಳದಂತೆ ತಡೆಯಲೆಂದೇ ಬರೆದ ಭಾಗದಲ್ಲಿ ಲೋಪವಿತ್ತು: ಬಂದ ಮಾಹಿತಿ ಪಟ್ಟಿಯ ರೂಪದಲ್ಲಿದ್ದಾಗ, ಆ ಪಟ್ಟಿಯ ಅಂಶಗಳ ಹೆಸರುಗಳನ್ನು ಅದು ಪರಿಶೀಲಿಸದೆ ಒಳಗೆ ಬಿಡುತ್ತಿತ್ತು. ಪಾಸ್‌ವರ್ಡ್ ಬೇಡ, ಖಾತೆ ಬೇಡ, ಒಂದು ಕೋರಿಕೆ ಕಳುಹಿಸಿದರೆ ಇಡೀ ತಾಣ ಕೈವಶವಾಗುತ್ತಿತ್ತು. 7.32ನೇ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಎರಡು ವಾರಗಳ ಬಳಿಕ, ಅಕ್ಟೋಬರ್ 29ರಂದು, ಡ್ರೂಪಲ್‌ನ ಭದ್ರತಾ ತಂಡವೇ ಪ್ರಕಟಣೆ ಹೊರಡಿಸಿ, ಅಕ್ಟೋಬರ್ 15ರ ಸೂಚನೆ ಬಂದ ಏಳು ಗಂಟೆಗಳೊಳಗೆ ತಿದ್ದುಪಡಿಯಾಗದ ಪ್ರತಿಯೊಂದು ತಾಣವೂ ದಾಳಿಗೆ ತುತ್ತಾಗಿದೆ ಎಂದೇ ಭಾವಿಸಿ ಮುಂದುವರಿಯಬೇಕೆಂದು ತಿಳಿಸಿತು. ಆ ಏಳು ಗಂಟೆಗಳು ನಮ್ಮ ಗಡಿಯಾರದ ಪ್ರಕಾರ ರಾತ್ರಿ 9.30ರಿಂದ ಬೆಳಗಿನ ಜಾವ 4.30ರವರೆಗಿನವು. ಭಾರತದಲ್ಲಿ ಡ್ರೂಪಲ್ ತಾಣಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಹೆಚ್ಚಿನವರು ಎದ್ದು ಕಂಪ್ಯೂಟರ್ ಮುಂದೆ ಕೂರುವ ಹೊತ್ತಿಗೆ ಗಡುವು ಮುಗಿದೇ ಹೋಗಿತ್ತು.

ಸ್ವಯಂಚಾಲಿತ ಅಪ್‌ಡೇಟ್ ಇರುವುದು ಇದಕ್ಕಾಗಿಯೇ. ವರ್ಡ್‌ಪ್ರೆಸ್‌ಗೆ ಆ ಸೌಲಭ್ಯ 2013ರಲ್ಲಿ, 3.7ನೇ ಆವೃತ್ತಿಯೊಡನೆ ಬಂದಿತು. 2017ರ ಜನವರಿ 26ರಂದು 4.7.2 ಬಿಡುಗಡೆಯಾದಾಗ, ಅದರಲ್ಲಿ ಸರಿಪಡಿಸಿದ್ದ ಒಂದು ದೊಡ್ಡ ಲೋಪದ ಸುದ್ದಿಯನ್ನು ತಂಡವು ಫೆಬ್ರವರಿ 1ರವರೆಗೆ ಬೇಕೆಂದೇ ಹೇಳಲಿಲ್ಲ. ತಾಣಗಳು ತಾವಾಗಿಯೇ ಸುರಕ್ಷಿತವಾಗಲು ಅಷ್ಟು ಸಮಯ ಕೊಟ್ಟಿತು. ಲೋಪವೂ ವಿಚಿತ್ರವಾದದ್ದೇ. ಲೇಖನದ ಸಂಖ್ಯೆಯ ಹಿಂದೆ ಒಂದೆರಡು ಅಕ್ಷರ ಅಂಟಿಸಿ ಕಳುಹಿಸಿದರೆ, ಅನುಮತಿ ಪರಿಶೀಲಿಸುವ ಹಂತಕ್ಕೆ ಅಂಥ ಲೇಖನವೇ ಸಿಗದೆ ಅದು ಅಡ್ಡಿ ಮಾಡದೆ ಬಿಡುತ್ತಿತ್ತು; ಬರೆಯುವ ಹಂತ ಅಕ್ಷರಗಳನ್ನು ಕೈಬಿಟ್ಟು, ಉಳಿದ ಸಂಖ್ಯೆಯ ಲೇಖನವನ್ನು ತಿದ್ದಿಬಿಡುತ್ತಿತ್ತು. ವಿವರ ಹೊರಬಿದ್ದ ಮೇಲೆ, ಹಿಂದೆ ಉಳಿದಿದ್ದ ತಾಣಗಳ ಅಸಂಖ್ಯ ಪುಟಗಳನ್ನು ದಾಳಿಕೋರರು ವಿರೂಪಗೊಳಿಸಿದರು. ಅಪ್‌ಡೇಟ್ ನಿಲ್ಲಿಸಿದ್ದವರಿಗೆ ಆ ಒಂದು ವಾರದ ರಕ್ಷಣೆ ದೊರೆಯಲೇ ಇಲ್ಲ.

ವಿನ್ಯಾಸ ಕೆಡುವ ಭಯ ಸುಳ್ಳಲ್ಲ. ಆದರೆ 4.7.1ರಿಂದ 4.7.2ಕ್ಕೆ ಹೋಗುವಂಥ ಸಣ್ಣ ಬಿಡುಗಡೆಗಳಿಂದ ವಿನ್ಯಾಸ ಕೆಡುವುದು ಬಹಳ ಅಪರೂಪ. ಅವುಗಳನ್ನು ತಾವಾಗಿಯೇ ಆಗಲು ಬಿಡಿ. ದೊಡ್ಡ ಆವೃತ್ತಿಗಳನ್ನು ಮಾತ್ರ ತಾಣದ ಒಂದು ಪ್ರತಿಯ ಮೇಲೆ ಪರೀಕ್ಷಿಸಿ, ಬ್ಯಾಕಪ್ ತೆಗೆದುಕೊಂಡು ಹಾಕಿಸಿ. ಯಾವ ಅಪ್‌ಡೇಟನ್ನೂ ತಾಳಲಾರದ ತಾಣವನ್ನು ಕಟ್ಟಿಕೊಟ್ಟವರು ತಮ್ಮ ಕೆಲಸವನ್ನು ಪೂರ್ತಿ ಮಾಡಿಲ್ಲ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಶಾಲೆಯ ಜಾಲತಾಣ ನಮಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಗೂಗಲ್‌ನಲ್ಲಿ ಶಾಲೆಯ ಹೆಸರು ಹುಡುಕಿದರೆ ಜೂಜಿನ ಜಾಹೀರಾತುಗಳೂ ಜಪಾನಿ ಲಿಪಿಯ ಪುಟಗಳೂ ಬರುತ್ತಿವೆ. ಎಲ್ಲವನ್ನೂ ಅಪ್‌ಡೇಟ್ ಮಾಡಿದರೂ ಹೋಗಿಲ್ಲ.
– ಶಿಕ್ಷಕಿಯೊಬ್ಬರು, ಕೊಪ್ಪಳ

ಉತ್ತರ: ಅಪ್‌ಡೇಟ್ ಬಾಗಿಲನ್ನು ಮುಚ್ಚುತ್ತದೆ, ಈಗಾಗಲೇ ಒಳಗೆ ಬಂದವರನ್ನು ಹೊರಹಾಕುವುದಿಲ್ಲ. 2014ರಲ್ಲಿ ಕೆಲವು ದಾಳಿಕೋರರು ಬೇರೆಯವರು ಬಾರದಿರಲೆಂದು, ತಾವು ನುಗ್ಗಿದ ಡ್ರೂಪಲ್ ತಾಣಗಳಿಗೆ ತಾವೇ ತಿದ್ದುಪಡಿ ಹಾಕಿದ್ದುಂಟು. ನಿಮ್ಮ ತಾಣದಲ್ಲಿ ಸೇರಿಕೊಂಡಿರುವ ಕೋಡ್, ಬಂದಿರುವುದು ಗೂಗಲ್‌ನ ಯಂತ್ರವೋ ಮನುಷ್ಯರೋ ಎಂದು ನೋಡಿ, ಯಂತ್ರಕ್ಕೆ ಮಾತ್ರ ಆ ಪುಟಗಳನ್ನು ತೋರಿಸುತ್ತಿರಬೇಕು. ತಾಣಗಳ ಮಾಲೀಕರಿಗಾಗಿ ಗೂಗಲ್ ಒದಗಿಸುವ ಸರ್ಚ್ ಕನ್ಸೋಲ್ ಎಂಬ ಸೇವೆಯಲ್ಲಿ ನಿಮ್ಮ ಪುಟವು ಗೂಗಲ್‌ಗೆ ಹೇಗೆ ಕಾಣುತ್ತದೆಂದು ಪರೀಕ್ಷಿಸಬಹುದು. ಅಲ್ಲಿ ಮಾಲೀಕರ ಪಟ್ಟಿಯಲ್ಲಿ ಅಪರಿಚಿತರು ಸೇರಿಕೊಂಡಿದ್ದಾರೆಯೇ ಎಂಬುದನ್ನೂ ತಪ್ಪದೆ ನೋಡಿ.

ದಾಳಿಗೆ ಮುಂಚಿನದೆಂದು ಖಚಿತವಾಗಿರುವ ಬ್ಯಾಕಪ್ ಇದ್ದರೆ ಅದರಿಂದ ತಾಣವನ್ನು ಮತ್ತೆ ನಿಲ್ಲಿಸಿ, ಕೂಡಲೇ ಅಪ್‌ಡೇಟ್ ಮಾಡುವುದು ಉತ್ತಮ. ಇಲ್ಲವಾದರೆ ವರ್ಡ್‌ಪ್ರೆಸ್, ಥೀಮ್ (ವಿನ್ಯಾಸದ ಕಡತಗಳು) ಮತ್ತು ಪ್ಲಗಿನ್‌ಗಳ (ಹೆಚ್ಚುವರಿ ಸೌಲಭ್ಯ ಕೊಡುವ ತಂತ್ರಾಂಶಗಳು) ಕಡತಗಳನ್ನು ಪೂರ್ತಿ ಅಳಿಸಿ, ಅಧಿಕೃತ ಮೂಲದಿಂದ ಹೊಸದಾಗಿ ತಂದು ಹಾಕಬೇಕು. ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಕಡತ, ಅಂದರೆ ಸರ್ವರ್ ಓಡಿಸುವ ಕೋಡ್, ಕಂಡರೆ ಅದನ್ನು ದಾಳಿಕೋರರು ಮತ್ತೆ ಬರಲು ಬಿಟ್ಟ ಹಿಂಬಾಗಿಲೆಂದೇ ಶಂಕಿಸಿ. ನಿಮಗೆ ಗೊತ್ತಿಲ್ಲದ ಅಡ್ಮಿನ್ ಖಾತೆಗಳನ್ನೂ ನಿಗದಿತ ಹೊತ್ತಿಗೆ ತಾವಾಗಿ ಓಡುವ ಕೆಲಸಗಳನ್ನೂ ತೆಗೆದುಹಾಕಿ. ಕೊನೆಯಲ್ಲಿ ಹೋಸ್ಟಿಂಗ್, ಡೇಟಾಬೇಸ್ ಮತ್ತು ಅಡ್ಮಿನ್ ಪಾಸ್‌ವರ್ಡ್‌ಗಳ ಜೊತೆಗೆ ಸಂರಚನಾ ಕಡತದಲ್ಲಿರುವ ರಹಸ್ಯ ಕೀಲಿಗಳನ್ನೂ ಬದಲಿಸಿದರೆ, ಆಗಲೇ ಲಾಗಿನ್ ಆಗಿ ಕುಳಿತಿರುವವರು ಹೊರಬೀಳುತ್ತಾರೆ. ಮಕ್ಕಳ ಹೆಸರು, ಫೋನ್ ಸಂಖ್ಯೆಗಳು ಆ ಡೇಟಾಬೇಸ್‌ನಲ್ಲಿದ್ದರೆ ಪೋಷಕರಿಗೆ ವಿಷಯ ತಿಳಿಸುವುದು ನಿಮ್ಮ ಕರ್ತವ್ಯ.

ಪ್ರಶ್ನೆ: ಬಳಸದ ಪ್ಲಗಿನ್‌ಗಳನ್ನು ನಿಷ್ಕ್ರಿಯಗೊಳಿಸಿ ಇಟ್ಟರೆ ಸಾಲದೇ? ಹಣ ಕೊಡಬೇಕಾದ ಥೀಮ್ ಉಚಿತವಾಗಿ ಸಿಕ್ಕರೆ ಬಳಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಸಾಲದು. ನಿಷ್ಕ್ರಿಯಗೊಳಿಸಿದರೆ ವರ್ಡ್‌ಪ್ರೆಸ್ ಆ ಪ್ಲಗಿನ್‌ಅನ್ನು ಓಡಿಸುವುದಿಲ್ಲ, ಅಷ್ಟೇ. ಕಡತಗಳು ಸರ್ವರ್‌ನಲ್ಲಿಯೇ ಇರುತ್ತವೆ ಮತ್ತು ಅವುಗಳನ್ನು ನೇರವಾಗಿ ಕರೆಯಬಹುದು. 2020ರ ಸೆಪ್ಟೆಂಬರ್‌ನಲ್ಲಿ, ಸುಮಾರು 7 ಲಕ್ಷ ತಾಣಗಳಲ್ಲಿದ್ದ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನಲ್ಲಿ ಇಂಥದೇ ಒಂದು ಕಡತ ಸಿಕ್ಕಿತು. ಬೇರೆ ತಂತ್ರಾಂಶದಿಂದ ತಂದ ಮಾದರಿ ಕಡತವೊಂದನ್ನು, ಓಡಬಲ್ಲ ಹೆಸರಿನಲ್ಲಿ ಅದರೊಳಗೆ ಹಾಗೆಯೇ ಬಿಟ್ಟಿದ್ದರು. ಅದರ ಮೂಲಕ ಯಾರು ಬೇಕಾದರೂ ತಮ್ಮ ಕೋಡನ್ನು ಸರ್ವರ್‌ಗೆ ಏರಿಸಬಹುದಾಗಿತ್ತು. 6.9ನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಬೇಡವಾದ ಪ್ಲಗಿನ್‌ಗಳನ್ನು ಅಳಿಸಿಯೇ ಬಿಡಿ. ಹಣ ಕೊಡಬೇಕಾದದ್ದನ್ನು ಕದ್ದು ಹಂಚುವ ಥೀಮ್‌ಗಳಲ್ಲಿ ಹಲವು ಸಲ ಹಿಂಬಾಗಿಲು ಮೊದಲೇ ಸೇರಿರುತ್ತದೆ, ಮುಂದಿನ ಅಪ್‌ಡೇಟ್‌ಗಳೂ ಸಿಗುವುದಿಲ್ಲ. ದಯವಿಟ್ಟು ಬಳಸಬೇಡಿ.

ಪ್ರಶ್ನೆ: ದಾಳಿಯಾದರೆ ಯಾರಿಗೆ ತಿಳಿಸಬೇಕು?
– ಸಣ್ಣ ಉದ್ಯಮಿಯೊಬ್ಬರು, ದಾವಣಗೆರೆ

ಉತ್ತರ: ಸೈಬರ್ ದಾಳಿಗಳ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ, ತಾಣ ವಿರೂಪಗೊಂಡಿರುವುದು ಅಥವಾ ಅದರಲ್ಲಿ ದುರುದ್ದೇಶದ ಕೋಡ್ ಸೇರಿರುವುದು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ವರದಿ ಮಾಡಬೇಕು, ಸರ್ವರ್‌ನ ಲಾಗ್‌ಗಳನ್ನು (ಅಲ್ಲಿ ನಡೆದ ಚಟುವಟಿಕೆಯ ದಾಖಲೆ) 180 ದಿನ ಕಾಪಿಡಬೇಕು. ನಿಮ್ಮ ಹೋಸ್ಟಿಂಗ್‌ನವರು ಲಾಗ್‌ಗಳನ್ನು ಎಷ್ಟು ದಿನ ಇಡುತ್ತಾರೆಂದು ಈಗಲೇ ಕೇಳಿ ತಿಳಿದುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.