ಎರಡನೆಯ ಸ್ಟ್ರಿಂಗರ್ ಕೀಳುವ ಮೊದಲು ದೋಣಿಯ ತಳಕ್ಕೆ ಆಸರೆ ಕೊಡಿ

ನಿಮ್ಮ ನಾಲ್ಕನೆಯ ಫೋಟೋ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹದಿನಾರು ಅಡಿಯ ಹಳೆಯ ಫೈಬರ್ ಮೀನುಗಾರಿಕೆ ದೋಣಿ. ನೆಲಹಲಗೆ ಪೂರ್ತಿ ಬಿಚ್ಚಿದೆ, ಎಡಬದಿಯ ಸ್ಟ್ರಿಂಗರ್ (ತಳದ ಒಳಗೆ ಉದ್ದಕ್ಕೂ ಕೂರುವ ಆಸರೆಯ ತೊಲೆ) ಹೊರಗೆ ಬಿದ್ದಿದೆ, ಬಲಬದಿಯದಕ್ಕೆ ಗ್ರೈಂಡರ್ ಹಚ್ಚಿದ್ದೀರಿ. ದೋಣಿ ನಿಂತಿರುವುದು ಮಾತ್ರ ಟ್ರೇಲರಿನ ಎರಡು ರೋಲರ್ ಮತ್ತು ಹಿಂದೆ ತುರುಕಿದ ಒಂದು ಕಾಂಕ್ರೀಟ್ ಇಟ್ಟಿಗೆಯ ಮೇಲೆ. ‘ಈ ವಾರಾಂತ್ಯದೊಳಗೆ ಒಳಗಿನದೆಲ್ಲ ಖಾಲಿ ಮಾಡಿ ಹೊಸದಾಗಿ ಶುರು ಮಾಡುತ್ತೇನೆ, ಟ್ರಾನ್ಸಮ್‌ಗೆ (ಇಂಜಿನ್ ನೇತುಹಾಕುವ ಹಿಂಬದಿಯ ಗೋಡೆಗೆ) ತೂತು ಕೊರೆದು ತೆಳು ಎಪಾಕ್ಸಿ ಸುರಿಯುತ್ತೇನೆ’ ಎಂದು ಬರೆದಿದ್ದೀರಿ. ದಯವಿಟ್ಟು ಗ್ರೈಂಡರ್ ಕೆಳಗಿಡಿ. ಬಲಬದಿಯ ಸ್ಟ್ರಿಂಗರ್ ಎಷ್ಟೇ ಕೊಳೆತಿರಲಿ, ಈಗ ತಳದ ಆಕಾರವನ್ನು ಹಿಡಿದಿಟ್ಟಿರುವುದು ಅದೊಂದೇ.

ನನ್ನ ಮೊದಲ ದೋಣಿ ಕೆಟ್ಟದ್ದು ಇದೇ ದಾರಿಯಲ್ಲಿ. ಒಳಗಿನದನ್ನೆಲ್ಲ ಒಮ್ಮೆಗೇ ಕಿತ್ತು, ಬರಿಯ ಚಿಪ್ಪನ್ನು ಟ್ರೇಲರಿನ ಮೇಲೆಯೇ ಬಿಟ್ಟು, ಮಳೆ ನಿಲ್ಲಲಿ ಎಂದು ಕಾದಿದ್ದೆ. ಖಾಲಿ ಚಿಪ್ಪು ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ, ಆದರೆ ರೋಲರ್ ತಾಗಿದ ಕಡೆ ಒಳಕ್ಕೆ ಒತ್ತಿಕೊಳ್ಳುತ್ತದೆ, ಆಸರೆ ಇಲ್ಲದ ಕಡೆ ಜೋತುಬೀಳುತ್ತದೆ. ದಿನದಿನಕ್ಕೆ ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಹೊಸ ಸ್ಟ್ರಿಂಗರ್ ಕೂರಿಸಿ, ಗಾಜಿನ ನಾರಿನ ಬಟ್ಟೆ ಹೊದಿಸಿ, ನೆಲ ಮುಚ್ಚಿ, ಬಣ್ಣ ಹೊಡೆದು ನೀರಿಗಿಳಿಸಿದೆ. ನಿಧಾನವಾಗಿ ಹೋಗುವಾಗ ಏನೂ ತೊಂದರೆ ಇಲ್ಲ. ವೇಗ ಹೆಚ್ಚಿಸಿದ ಕೂಡಲೇ ಮೂತಿ ನೀರಿಗೆ ಹೂತುಕೊಂಡಿತು. ಇಂಜಿನ್‌ನ ಟ್ರಿಮ್, ಅಂದರೆ ಓರೆ, ಎಷ್ಟು ಹೊರಕ್ಕೆ ಕೊಟ್ಟರೂ ಏಳಲಿಲ್ಲ. ಪ್ರೊಪೆಲರ್ ಬದಲಿಸಿದೆ, ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದೆ, ಇಂಜಿನ್‌ಗೆ ಶಾಪ ಹಾಕಿದೆ. ಕೊನೆಗೆ ದೋಣಿ ಮಗುಚಿ, ಟ್ರಾನ್ಸಮ್‌ನಿಂದ ಮುಂದಕ್ಕೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದರೆ, ಪಟ್ಟಿಯ ಎರಡು ತುದಿ ಮಾತ್ರ ತಳಕ್ಕೆ ತಾಗುತ್ತಿದ್ದವು, ನಡುವಿನ ಸಂದಿಯಲ್ಲಿ ಕಿರುಬೆರಳು ಸಲೀಸಾಗಿ ತೂರಿತು. ಅದೇ ಹುಕ್. ಹಿಂದಿನ ಅಂಚು ಕೆಳಕ್ಕೆ ತಿರುಗಿರುವುದರಿಂದ ನೀರು ಹಿಂಭಾಗವನ್ನು ಎತ್ತಿ ಮೂತಿಯನ್ನು ಅದುಮುತ್ತದೆ. ತದ್ವಿರುದ್ಧವಾಗಿ ತಳ ಹೊರಕ್ಕೆ ಉಬ್ಬಿದರೆ ಮೂತಿ ಏಳುತ್ತ ಬೀಳುತ್ತ ಕುಪ್ಪಳಿಸುತ್ತದೆ. ಒಳಗೆ ಹೊಸ ಸ್ಟ್ರಿಂಗರ್ ಗಟ್ಟಿಯಾಗಿ ಕೂತ ಮೇಲೆ ಆ ತಪ್ಪು ಆಕಾರವೇ ಕಾಯಂ. ಆಮೇಲೆ ಹೊರಗಿನಿಂದ ಪುಟ್ಟಿ ತುಂಬಿ ಉಜ್ಜಿ ಉಜ್ಜಿ ನೇರ ಮಾಡಬೇಕು, ಇಲ್ಲವೇ ಎಲ್ಲವನ್ನೂ ಮತ್ತೆ ಒಡೆಯಬೇಕು.

ಈಗ ನೀವು ಮಾಡಬೇಕಾದದ್ದು. ದಪ್ಪ ರಟ್ಟು ತೆಗೆದುಕೊಂಡು ಹೊರಗಿನಿಂದ ತಳದ ಅಡ್ಡ ಆಕಾರವನ್ನು ಮೂರು ಕಡೆ ಅಚ್ಚು ತೆಗೆಯಿರಿ: ಟ್ರಾನ್ಸಮ್‌ನ ನೇರ ಕೆಳಗೆ, ನಡುವೆ, ಮೂತಿ ಮೇಲಕ್ಕೆ ಏಳಲು ಶುರುವಾಗುವ ಜಾಗದಲ್ಲಿ. ಎಡಬದಿಯ ಸ್ಟ್ರಿಂಗರ್ ಹೋಗಿರುವುದರಿಂದ ಬಲಬದಿಯ ಅಚ್ಚನ್ನೇ ನಂಬಿ, ಅದನ್ನೇ ಮಗುಚಿ ಎಡಕ್ಕೆ ಬಳಸಿ. ಅಚ್ಚಿನ ಪ್ರಕಾರ ಪ್ಲೈವುಡ್ ಕತ್ತರಿಸಿ ತೊಟ್ಟಿಲು ಮಾಡಿ. ಮೇಲಂಚಿಗೆ ಹಳೆಯ ಕಾರ್ಪೆಟ್ ಹೊಡೆದು ತಳಕ್ಕೆ ಕೂರಿಸಿ. ಭಾರ ತಳದ ನಡುಗೆರೆಯಾದ ಕೀಲ್‌ನ ಮೇಲೆ ಮಾತ್ರ ಬೀಳದೆ ತಳ ಮತ್ತು ಬದಿ ಕೂಡುವ ಮೂಲೆಯವರೆಗೂ ಹರಡಬೇಕು. ಪಾರದರ್ಶಕ ಕೊಳವೆಗೆ ನೀರು ತುಂಬಿ ಎರಡೂ ಬದಿಯ ಮಟ್ಟ ನೋಡಿ, ಲೇಸರ್ ಬೇಕೆಂದೇನಿಲ್ಲ. ಬದಿಯಂಚಿನಿಂದ ಬದಿಯಂಚಿಗೆ ಮೂರು ಕಡೆ ಮರದ ಪಟ್ಟಿ ಅಡ್ಡಲಾಗಿ ಸ್ಕ್ರೂ ಹಾಕಿ ಬಿಗಿಯಿರಿ, ನೆಲಹಲಗೆ ಹೋದ ದೋಣಿಯ ಬದಿಗಳು ಹೊರಕ್ಕೆ ಬಿಚ್ಚಿಕೊಳ್ಳುತ್ತವೆ. ಮೂತಿಯ ನಡುವಿನಿಂದ ಟ್ರಾನ್ಸಮ್‌ನ ಎರಡು ಮೂಲೆಗಳಿಗೆ ಟೇಪ್ ಹಿಡಿಯಿರಿ. ಎರಡೂ ಅಳತೆ ಸಮವಿಲ್ಲದಿದ್ದರೆ ದೋಣಿ ತಿರುಚಿಕೊಂಡಿದೆ ಎಂದು ಅರ್ಥ, ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

ಆಮೇಲೆ ಕೆಳಗೆ ಮಲಗಿ ಎಡಬದಿಯ ತಳಕ್ಕೆ ಉದ್ದಪಟ್ಟಿ ಇಟ್ಟು ನೋಡಿ. ಬಾಗಿದ್ದರೂ ಗಾಬರಿ ಬೇಡ, ಒಳಗೆ ಇನ್ನೂ ಏನೂ ಕೂರಿಸಿಲ್ಲ. ಅಗಲ ಹಲಗೆಯ ತುಂಡಿನ ಮೇಲೆ ಜಾಕ್ ಇಟ್ಟು ಸ್ವಲ್ಪ ಸ್ವಲ್ಪವೇ ಎತ್ತಿದರೆ ಸರಿಹೋಗುತ್ತದೆ. ಜಾಕ್‌ನ ತಲೆಯನ್ನು ನೇರವಾಗಿ ಫೈಬರ್‌ಗೆ ಕೊಡಬೇಡಿ. ಎಡಬದಿಯ ಹೊಸ ಸ್ಟ್ರಿಂಗರ್ ಪೂರ್ತಿ ಗಟ್ಟಿಯಾದ ಮೇಲೆಯೇ ಬಲಬದಿಗೆ ಕೈಹಾಕಿ. ‘ಒಂದೊಂದಾಗಿ ಮಾಡಿದರೆ ಗ್ರೈಂಡರ್ ಆಡಿಸಲು ಜಾಗವಿಲ್ಲ, ಸಮಯ ವ್ಯರ್ಥ’ ಎಂದು ಮೇಲೆ ಒಬ್ಬರು ಹೇಳಿದ್ದಾರೆ. ಜಾಗ ಇಕ್ಕಟ್ಟು ಎನ್ನುವುದು ನಿಜ. ಕಾರ್ಖಾನೆಯ ಅಚ್ಚಿನೊಳಗೆ ಕೂತ ದೋಣಿಯಾಗಿದ್ದರೆ ನಾನೂ ಒಟ್ಟಿಗೇ ಕೀಳುತ್ತಿದ್ದೆ. ನಿಮ್ಮದು ಇಟ್ಟಿಗೆಯ ಮೇಲಿದೆ.

ಸ್ಟ್ರಿಂಗರ್‌ನ ಪ್ಲೈವುಡ್ ಅಂಚು ತಳಕ್ಕೆ ನೇರವಾಗಿ ತಾಗಬಾರದು. ತಾಗಿದ ಬಿಂದುವಿನಲ್ಲೇ ಪ್ರತಿ ಅಲೆಯ ಹೊಡೆತ ಕೂಡಿಕೊಂಡು ಹೊರಗೆ ಬಿರುಕಿನ ಗೆರೆ ಮೂಡುತ್ತದೆ. ಆರು ಮಿಲಿಮೀಟರಿನಷ್ಟು ಸಂದಿ ಬಿಟ್ಟು, ಪುಡಿ ಬೆರೆಸಿ ಮಂದ ಮಾಡಿದ ಹಸಿ ಎಪಾಕ್ಸಿಯ ಹಾಸಿನ ಮೇಲೆ ಕೂರಿಸಿ. ಮೂಲೆಗೆ ದುಂಡನೆಯ ಪುಟ್ಟಿ ಬೇಕೇ ಬೇಕು, ಕನಿಷ್ಠ ಹನ್ನೆರಡು ಮಿಲಿಮೀಟರ್ ತ್ರಿಜ್ಯದ್ದು, ಏಕೆಂದರೆ ಬಟ್ಟೆ ಚೂಪು ಮೂಲೆಯಲ್ಲಿ ಮಡಚಿಕೊಳ್ಳದೆ ಗಾಳಿ ಹಿಡಿಯುತ್ತದೆ. ಈ ಪುಟ್ಟಿಗೆ ಎಪಾಕ್ಸಿಯೊಳಗೆ ಫ್ಯೂಮ್ಡ್ ಸಿಲಿಕಾ (ಮಂದ ಮಾಡುವ ನುಣ್ಣನೆಯ ಪುಡಿ) ಮತ್ತು ಪುಡಿ ಮಾಡಿದ ಗಾಜಿನ ನಾರು ಅಥವಾ ಮರದ ಹಿಟ್ಟು ಬೆರೆಸಿ. ಮೈಕ್ರೋಬಲೂನ್ ಬೆರೆಸಬೇಡಿ, ಅದು ಮೇಲ್ಮೈ ನಯಗೊಳಿಸಲು ಇರುವ ಹಗುರ ಪುಡಿ, ಭಾರ ಹೊರುವುದಿಲ್ಲ. ಪುಟ್ಟಿ ಬೆರಳಿಗೆ ಮೆತ್ತಗೆ ಇರುವಾಗಲೇ ಬಟ್ಟೆ ಹಾಸಿದರೆ ನಡುವೆ ಉಜ್ಜುವ ಕೆಲಸ ತಪ್ಪುತ್ತದೆ. ಪದರಗಳು ತಳದ ಮೇಲೆ ಹತ್ತು, ಹದಿನೈದು, ಇಪ್ಪತ್ತು ಸೆಂಟಿಮೀಟರ್ ಹೀಗೆ ಬೇರೆಬೇರೆ ದೂರದಲ್ಲಿ ಮುಗಿಯಲಿ. ಎಲ್ಲ ಅಂಚೂ ಒಂದೇ ಗೆರೆಗೆ ಬಂದರೆ ಮುಂದಿನ ಬಿರುಕು ಆ ಗೆರೆಯಲ್ಲೇ.

ರೆಸಿನ್, ಅಂದರೆ ಬಟ್ಟೆಯನ್ನು ನೆನೆಸಿ ಗಟ್ಟಿಯಾಗುವ ರಾಳದ ವಿಷಯಕ್ಕೆ ಬರೋಣ; ಎಪಾಕ್ಸಿ, ಪಾಲಿಯೆಸ್ಟರ್ ಅದರ ಎರಡು ಬಗೆ. ಯಾಕೆಂದರೆ ನಿಮ್ಮ ಫೋಟೋದ ಮೂಲೆಯಲ್ಲಿ ಎಪಾಕ್ಸಿ ಡಬ್ಬದ ಪಕ್ಕದಲ್ಲೇ ಮಾಮೂಲಿ ಚಾಪ್ಡ್ ಮ್ಯಾಟ್ (ಕತ್ತರಿಸಿದ ಗಾಜಿನ ನಾರಿನ ಹಾಸು) ಸುರುಳಿಯೂ ಕಾಣುತ್ತಿದೆ. ಆ ಮ್ಯಾಟ್‌ನ ನಾರುಗಳನ್ನು ಅಂಟಿಸಿರುವ ಬೈಂಡರ್ ಕರಗುವುದು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮ್ಯಾಟ್ ನೆನೆದು ಮೆತ್ತಗಾಗದೆ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ. ಎಪಾಕ್ಸಿಗೆ ಬಯಾಕ್ಸಿಯಲ್ ಬಟ್ಟೆ, ಅಂದರೆ ಎರಡು ದಿಕ್ಕಿನ ನಾರುಗಳನ್ನು ದಾರದಿಂದ ಹೊಲಿದದ್ದು ತನ್ನಿ, 1708 ಎಂದು ಕೇಳಿದರೆ ಕೊಡುತ್ತಾರೆ, ಅದರ ಬೆನ್ನಿಗಿರುವ ಮ್ಯಾಟ್ ಹೊಲಿದದ್ದೇ. ಹಳೆಯ ಪಾಲಿಯೆಸ್ಟರ್ ದೋಣಿಯ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರನ್ನು ನಂಬಲಾಗುವುದಿಲ್ಲ. ಹಾಗಾಗಿ ಮೊದಲೇ ಯಾವುದೋ ಒಂದನ್ನು ನಿರ್ಧರಿಸಿ. ಬ್ರ್ಯಾಂಡ್ ಕೇಳಿದ್ದೀರಿ. ನನಗೆ ವೆಸ್ಟ್ ಸಿಸ್ಟಮ್ 105 ರೆಸಿನ್ ಮತ್ತು 206 ಹಾರ್ಡನರ್ ಜೋಡಿ ಇಷ್ಟ, ಮುಖ್ಯವಾಗಿ ಪಂಪ್‌ಗಾಗಿ: ಇದರಿಂದ ಒಂದು ಒತ್ತು, ಅದರಿಂದ ಒಂದು ಒತ್ತು, 5:1 ಅನುಪಾತ ತಾನಾಗಿಯೇ ಬರುತ್ತದೆ. ಬೇರೆ ಒಳ್ಳೆಯ ಎಪಾಕ್ಸಿಯೂ ಅಷ್ಟೇ ಗಟ್ಟಿ, ಆದರೆ ತೂಕ ಮಾಡಿ ಬೆರೆಸಿ, ಕಣ್ಣಳತೆ ಬೇಡ. ಬೇಗ ಒಣಗಲಿ ಎಂದು ಎಪಾಕ್ಸಿಗೆ ಹಾರ್ಡನರ್ ಹೆಚ್ಚು ಸುರಿಯುವವರಿದ್ದಾರೆ, ಅದು ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಪಾಲಿಯೆಸ್ಟರ್‌ನಲ್ಲಿ ಅದನ್ನು ಗಟ್ಟಿಯಾಗಿಸುವ ಎಂಇಕೆಪಿ ದ್ರವವನ್ನು ಶೇ 1ರಿಂದ 2ರ ನಡುವೆ ಆಡಿಸಬಹುದು, ಎಪಾಕ್ಸಿಗೆ ಆ ಸಲಿಗೆ ಇಲ್ಲ.

ಎಂಇಕೆಪಿ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಪಾಲಿಯೆಸ್ಟರ್ ಬೇಗ ಗಟ್ಟಿಯಾಗಲೆಂದು ಬೆರೆಸುವ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಬಂದಿದ್ದರೆ ಅದನ್ನು ಮೊದಲು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆಯೇ ಎಂಇಕೆಪಿ ಹಾಕಿ. ಇವೆರಡು ನೇರವಾಗಿ ಸೇರಿದರೆ ಸ್ಫೋಟವಾಗುತ್ತದೆ. ಅಳೆಯುವ ಲೋಟ ಕೂಡ ಎರಡಕ್ಕೂ ಬೇರೆಬೇರೆ ಇರಲಿ. ಎಂಇಕೆಪಿ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು, ಕನ್ನಡಕ ತಲೆಯ ಮೇಲಲ್ಲ, ಕಣ್ಣಿನ ಮೇಲಿರಲಿ. ಗ್ರೈಂಡರ್ ಹಿಡಿದ ಫೋಟೋದಲ್ಲಿ ನೀವು ಮೂಗಿಗೆ ಕರವಸ್ತ್ರ ಕಟ್ಟಿದ್ದೀರಿ. ಗಾಜಿನ ಧೂಳಿಗೆ ಕರವಸ್ತ್ರ ಯಾವ ಲೆಕ್ಕ? ಧೂಳು ಮತ್ತು ಆವಿ ಎರಡಕ್ಕೂ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಕೊಳ್ಳಿ, ಆಮೇಲೆ ಮಿಕ್ಕ ಸಾಮಾನು. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲೇ ಮೈ ತೊಳೆಯಿರಿ.

ಇನ್ನು ಟ್ರಾನ್ಸಮ್. ಎಪಾಕ್ಸಿ ಸುರಿಯುವ ಉಪಾಯ ಹೇಳಿಕೊಟ್ಟವರು ಅದರ ಮೇಲೆ ತಮ್ಮ ಇಂಜಿನ್ ನೇತುಹಾಕಿ ಹೊಳೆಗೆ ಹೋಗಿದ್ದಾರೆಯೇ ಎಂದು ಕೇಳಬೇಕೆನಿಸುತ್ತದೆ. ಒದ್ದೆ ಮರ ರೆಸಿನ್ ಕುಡಿಯುವುದಿಲ್ಲ. ತೂತಿನ ಸುತ್ತ ಒಂದಿಷ್ಟು ಗಟ್ಟಿಯಾಗುತ್ತದೆ, ಎರಡು ತೂತುಗಳ ನಡುವೆ ಕೊಳೆತ ಹಾಗೆಯೇ ಇರುತ್ತದೆ. ಮರದ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ನೀವು ಮಾಡುವುದು ಅದನ್ನು ತೇವದ ಸಮೇತ ಮುಚ್ಚಿಡುವುದು. ಮೊದಲು ಪರೀಕ್ಷೆ ಮಾಡಿ. ಇಂಜಿನ್ ಇನ್ನೂ ಮೇಲಿದ್ದರೆ ಅದರ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಇನ್ನೊಬ್ಬರು ಟ್ರಾನ್ಸಮ್ ಬಾಗುತ್ತದೆಯೇ ಎಂದು ನೋಡಲಿ. ಒಳಗಿನಿಂದ ಆರು ಮಿಲಿಮೀಟರ್ ಬಿಟ್‌ನಿಂದ ಹೊರಪದರ ಮುಟ್ಟದ ಹಾಗೆ ಕೊರೆದು, ಬಿಟ್‌ನಲ್ಲಿ ಬಂದ ಪುಡಿಯನ್ನು ಬಿಳಿ ಕಾಗದದ ಮೇಲೆ ಉದುರಿಸಿ. ತಿಳಿಬಣ್ಣದ ಒಣ ಸುರುಳಿ ಬಂದರೆ ಮರ ಬದುಕಿದೆ. ಕಾಫಿ ಗಸಿಯಂಥ ಕಪ್ಪು ಒದ್ದೆ ಪುಡಿ ಬಂದು ಹುಳಿ ವಾಸನೆ ಹೊಡೆದರೆ ಅಲ್ಲಿ ಮರ ಎಂಬುದಿಲ್ಲ. ಕೆಳಮೂಲೆಗಳಲ್ಲಿ, ನೀರು ಬಿಡುವ ಬಿರಡೆಯ ಸುತ್ತ, ಫಿಶ್‌ಫೈಂಡರ್‌ನ ಸೆನ್ಸರ್‌ಗೆ ಹಾಕಿದ ಸ್ಕ್ರೂಗಳ ಸುತ್ತ ಕೊರೆಯಿರಿ. ಮೇಲ್ಭಾಗದಲ್ಲಿ ಕೊರೆದು ‘ಚೆನ್ನಾಗಿದೆ’ ಎಂದುಕೊಳ್ಳುವುದು ಸುಲಭ, ನೀರು ಕೂರುವುದು ಕೆಳಗೆ. ಸ್ಟ್ರಿಂಗರ್ ಇಷ್ಟು ಕೊಳೆತ ದೋಣಿಯಲ್ಲಿ ಟ್ರಾನ್ಸಮ್ ಮಾತ್ರ ಉಳಿದಿದ್ದರೆ ನನಗೆ ಆಶ್ಚರ್ಯ.

ತೆಗೆಯುವ ಮೊದಲು ದಪ್ಪ, ಎತ್ತರ, ಓರೆ ಮೂರನ್ನೂ ಅಳೆದು ಬರೆದಿಡಿ, ಓರೆಗೆ ರಟ್ಟಿನ ಅಚ್ಚು ಮಾಡಿ. ಎತ್ತರ ಇಂಜಿನ್‌ನ ಶಾಫ್ಟ್‌ಗೆ ಹೊಂದಬೇಕು: ಶಾರ್ಟ್ ಶಾಫ್ಟ್‌ಗೆ 15 ಇಂಚು, ಲಾಂಗ್‌ಗೆ 20. ಒಳಗಿನಿಂದ ಒಡೆದು ಹೊರಪದರವನ್ನು ಉಳಿಸಿಕೊಳ್ಳಿ. ಆ ಪದರ ತೆಳುವಾಗಿರುವುದರಿಂದ ಹೊಸ ಮರವನ್ನು ಒತ್ತುವಾಗ ಬಾಗದಂತೆ ಹೊರಗಿನಿಂದ ನೇರ ಹಲಗೆ ಕೊಟ್ಟಿರಬೇಕು. ಬಿಎಸ್ 1088 ದರ್ಜೆಯ ಮರೈನ್ ಪ್ಲೈವುಡ್ ಎರಡು ಪದರ ಸೇರಿ ಹಳೆಯ ದಪ್ಪಕ್ಕೆ ಬರಲಿ. ಕೊಳೆಯದಂತೆ ರಾಸಾಯನಿಕ ಒತ್ತಿ ತುಂಬಿದ ಮರ ತರಬೇಡಿ, ಅದು ತೇವ ಹೊತ್ತೇ ಬರುತ್ತದೆ, ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಕ್ಲ್ಯಾಂಪ್‌ಗಳನ್ನು ಜಿದ್ದಿಗೆ ಬಿದ್ದು ಬಿಗಿಯಬೇಡಿ, ಎಪಾಕ್ಸಿಯೆಲ್ಲ ಹಿಂಡಿ ಹೊರಬಂದು ಒಳಗೆ ಅಂಟೇ ಉಳಿಯುವುದಿಲ್ಲ. ಅಂಚಿನಲ್ಲಿ ಒಂದೇ ಸಮ ಸಣ್ಣಗೆ ಉಕ್ಕಿದರೆ ಸಾಕು. ಮರದ ಬದಲು ಕೂಸಾ ಹಲಗೆ (ಗಾಜಿನ ನಾರು ಸೇರಿಸಿದ ಗಟ್ಟಿ ಫೋಮ್ ಹಲಗೆ) ಹಾಕಿ ಎಂದು ಕೆಲವರು ಹೇಳುತ್ತಾರೆ. ಕೊಳೆಯುವುದಿಲ್ಲ, ಹಗುರ, ಸಿಕ್ಕರೆ ಮತ್ತು ಕೈಗೆಟುಕಿದರೆ ಹಾಕಿ. ಎಪಾಕ್ಸಿಯಲ್ಲಿ ಸರಿಯಾಗಿ ಮುಚ್ಚಿದ ಪ್ಲೈವುಡ್ ಕೂಡ ದೀರ್ಘಕಾಲ ಬಾಳುತ್ತದೆ. ಕೊಳೆಸುವುದು ಆಮೇಲೆ ನಾವು ಕೊರೆಯುವ ತೂತುಗಳು.

ಅದಕ್ಕೇ ನನ್ನ ಹಠ ಒಂದಿದೆ. ಇಂಜಿನ್ ಬೋಲ್ಟ್ ಇರಲಿ, ರಾಡ್ ಹೋಲ್ಡರ್‌ನ ಪುಟ್ಟ ಸ್ಕ್ರೂ ಇರಲಿ, ಮರಕ್ಕೆ ಹೋಗುವ ಪ್ರತಿ ತೂತನ್ನೂ ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಪುಡಿ ಬೆರೆಸಿದ ಮಂದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಸೀಲೆಂಟ್ ಸೋತರೂ ನೀರು ಮರಕ್ಕೆ ತಲುಪುವುದಿಲ್ಲ. ಸೀಲೆಂಟ್‌ಗೆ 3ಎಂ 5200 ತಂದಿಟ್ಟಿದ್ದೀರಿ, ಮುಂದೆ ಎಂದೂ ಬಿಚ್ಚದ ಜಾಗಕ್ಕೆ ಮಾತ್ರ ಅದು. ಸೆನ್ಸರ್‌ಗೆ ಹಾಕಿದರೆ ಮುಂದೊಂದು ದಿನ ಬಿಚ್ಚುವಾಗ ಹೊರಗಿನ ನಯವಾದ ಪದರವಾದ ಜೆಲ್‌ಕೋಟ್ ಸಮೇತ ಎದ್ದು ಬರುತ್ತದೆ. ಅಂಥವಕ್ಕೆ ಅದೇ ಕಂಪನಿಯ 4200 ಸಾಕು. ಸಿಲಿಕೋನ್ ಮಾತ್ರ ಬೇಡವೇ ಬೇಡ, ಅದು ಬಿದ್ದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ.

ದೋಣಿ ತೇಲಲೆಂದು ನೆಲದ ಕೆಳಗೆ ತುಂಬುವ ಫೋಮ್ ಬಗ್ಗೆ: ಕಿತ್ತದ್ದನ್ನು ಒಣಗಿಸಿ ಮತ್ತೆ ಹಾಕುತ್ತೇನೆ ಎಂದಿದ್ದೀರಿ. ಹತ್ತು ಸೆಂಟಿಮೀಟರಿನ ಒಂದು ಘನ ತುಂಡು ಕತ್ತರಿಸಿ ತಕ್ಕಡಿಗೆ ಹಾಕಿ. ದೋಣಿಗೆ ಸುರಿಯುವ ಮಾಮೂಲಿ ಎರಡು ಪೌಂಡಿನ (ಒಂದು ಘನ ಅಡಿಗೆ ಎರಡು ಪೌಂಡ್ ತೂಗುವ) ಫೋಮ್ ಆದರೆ 32 ಗ್ರಾಂ ಆಸುಪಾಸು ಇರಬೇಕು. ನೂರಾರು ಗ್ರಾಂ ತೂಗಿದರೆ ಅದು ತೇಲಿಸುವುದಿಲ್ಲ, ಮುಳುಗಿಸುತ್ತದೆ, ಬಿಸಾಕಿ. ಹಾಗೆಂದು ಫೋಮ್ ಇಲ್ಲದೆಯೇ ನೆಲ ಮುಚ್ಚಬೇಡಿ. ದೋಣಿಗೆ ನೀರು ತುಂಬಿದ ದಿನ ನಿಮ್ಮನ್ನು ಹಿಡಿದಿಡುವುದು ಅದೇ, ನೂರು ಲೀಟರ್ ಒಣ ಫೋಮ್ ಸಿಹಿನೀರಿನಲ್ಲಿ ಸುಮಾರು 97 ಕಿಲೋ ಎತ್ತುತ್ತದೆ. ಪ್ಯಾಕಿಂಗ್‌ನ ಥರ್ಮಾಕೋಲ್ ತುಂಬುವ ಸಲಹೆಯೂ ಇಲ್ಲಿ ಬಂದಿದೆ. ಪೆಟ್ರೋಲ್ ತಾಗಿದರೆ ಕರಗುತ್ತದೆ, ಪಾಲಿಯೆಸ್ಟರ್ ರೆಸಿನ್ ತಾಗಿದರೂ ಕರಗುತ್ತದೆ. ಎರಡು ಭಾಗದ ಫೋಮ್ ಸುರಿಯುವುದಾದರೆ ಸ್ವಲ್ಪ ಸ್ವಲ್ಪವೇ, ಉಬ್ಬಲು ತೂತು ಬಿಟ್ಟು ಸುರಿಯಿರಿ. ಒಮ್ಮೆಗೇ ಸುರಿದರೆ ಹೊಸ ನೆಲಹಲಗೆಯನ್ನೇ ಎತ್ತುತ್ತದೆ. ಕೀಲ್ ಉದ್ದಕ್ಕೂ ನೀರು ಹಿಂದಕ್ಕೆ ಹರಿಯಲು ಅರ್ಧ ಸೀಳಿದ ಪಿವಿಸಿ ಕೊಳವೆ ಇಟ್ಟು, ಫೋಮ್ ಅದನ್ನು ಮುಚ್ಚದಂತೆ ನೋಡಿಕೊಳ್ಳಿ. ಹಳೆಯದರಲ್ಲಿ ಆ ದಾರಿ ಇರಲಿಲ್ಲ ಎಂಬುದು ಎರಡನೆಯ ಫೋಟೋದಲ್ಲೇ ಕಾಣುತ್ತದೆ.

ಮೊದಲು ತೊಟ್ಟಿಲು ಮಾಡಿ, ಪಟ್ಟಿ ಇಟ್ಟು ಎಡಬದಿಯ ತಳದ ಫೋಟೋ ಹಾಕಿ. ಟ್ರಾನ್ಸಮ್ ಕೊರೆದ ಪುಡಿಯ ಫೋಟೋ ಕೂಡ ಹಾಕಿ, ಯಾವ ತೂತಿನದು ಯಾವುದು ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿರಲಿ.